ದೇವಾಲಯ ಯಾರದು? ವರ್ಜೀನಿಯಾದ ಎರಡು ಸಭೆಗಳ ಇತಿಹಾಸ

ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ ಐದನೆಯ ಮತ್ತು ಆರನೆಯ ಅಧ್ಯಾಯಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಓದುತ್ತೇವೆ. ಐದನೆಯ ಅಧ್ಯಾಯದಲ್ಲಿ, ತಂದೆಯ ಹೆಂಡತಿಯೊಡನೆ ಬಾಳುತ್ತಿದ್ದ ಒಬ್ಬ ಸದಸ್ಯನ ವಿಷಯದಲ್ಲಿ ಪ್ರೇಷಿತರು ಅತ್ಯಂತ ಕಠೋರವಾಗಿ ಮಾತನಾಡುತ್ತಾರೆ. ಆರನೆಯ ಅಧ್ಯಾಯ ತೆರೆದೊಡನೆ ವಿಷಯ ಬದಲಾದಂತೆ ತೋರುತ್ತದೆ. ಸಹೋದರರು ಸಹೋದರರ ಮೇಲೆಯೇ ಅನ್ಯರ ನ್ಯಾಯಾಲಯಗಳಲ್ಲಿ ವ್ಯಾಜ್ಯ ಹೂಡುವುದನ್ನು ಅವರು ಖಂಡಿಸುತ್ತಾರೆ. ಅದಕ್ಕಿಂತ ಅನ್ಯಾಯವನ್ನು ಸಹಿಸಿಕೊಳ್ಳುವುದೇ ಲೇಸಲ್ಲವೇ ಎಂದು ಕೇಳುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಮತ್ತೆ ದೇಹದ ಪಾವಿತ್ರ್ಯದ ಮಾತಿಗೆ ಮರಳಿ, ನಮ್ಮ ದೇಹವೇ ಪವಿತ್ರಾತ್ಮರ ದೇವಾಲಯವೆಂದು ಬೋಧಿಸುತ್ತಾರೆ. ಕ್ರಿ.ಶ. 55ರ ಸುಮಾರಿಗೆ ಎಫೆಸದಿಂದ ಬರೆದ ಈ ಪತ್ರದಲ್ಲಿ ಲೈಂಗಿಕತೆಯ ಪ್ರಶ್ನೆಯೂ ನ್ಯಾಯಾಲಯದ ಪ್ರಶ್ನೆಯೂ ಹೀಗೆ ಒಂದರ ಪಕ್ಕದಲ್ಲೊಂದು ನಿಂತಿರುವುದು ಗಮನಾರ್ಹ. ಮೊದಲನೆಯದರಲ್ಲಿ ಒಡೆದ ಸಭೆ ಎರಡನೆಯದರ ಬಾಗಿಲಿಗೆ ಬರಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಸಾವಿರದ ಒಂಬೈನೂರೈವತ್ತು ವರ್ಷಗಳ ನಂತರ, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಈ ಎರಡು ಅಧ್ಯಾಯಗಳು ಅದೇ ಕ್ರಮದಲ್ಲಿ ಮರುಕಳಿಸಿದವು. ಸಲಿಂಗ ಸಂಬಂಧದ ಕುರಿತ ಭಿನ್ನಾಭಿಪ್ರಾಯದಿಂದ ಅಲ್ಲಿನ ಹಲವು ಆಂಗ್ಲಿಕನ್ ಸಭೆಗಳು ತಮ್ಮ ಧರ್ಮಪ್ರಾಂತ್ಯದಿಂದ ಬೇರ್ಪಟ್ಟವು. ಬಳಿಕ ದೇವಾಲಯದ ಕಟ್ಟಡ ಯಾರಿಗೆ ಸೇರಬೇಕೆಂದು ಏಳು ವರ್ಷ ವ್ಯಾಜ್ಯ ನಡೆಯಿತು. ಆ ಸಭೆಗಳಲ್ಲಿ ಎರಡರ ಇತಿಹಾಸವನ್ನು ಇಲ್ಲಿ ಅವಲೋಕಿಸೋಣ. ಒಂದೇ ದಿನ ಒಂದೇ ನಿರ್ಧಾರ ಪ್ರಕಟಿಸಿದ ಈ ನೆರೆಹೊರೆಯ ಸಭೆಗಳು ಕೊನೆಗೆ ತಲುಪಿದ ಸ್ಥಳ ಮಾತ್ರ ಬೇರೆ ಬೇರೆ.

ಊರಿಗೆ ಹೆಸರು ಕೊಟ್ಟ ದೇವಾಲಯ

ವಾಷಿಂಗ್ಟನ್ ನಗರದ ಸಮೀಪದಲ್ಲಿ ಫಾಲ್ಸ್ ಚರ್ಚ್ ಎಂಬ ಊರಿದೆ. ಪೊಟೋಮ್ಯಾಕ್ ನದಿಯ ಜಲಪಾತದತ್ತ ಹೋಗುವ ದಾರಿಯಲ್ಲಿದ್ದ ದೇವಾಲಯಕ್ಕೆ ಜನರು ಕೊಟ್ಟ ಹೆಸರೇ ಮುಂದೆ ಊರಿನ ಹೆಸರಾಯಿತು. 1732ರಲ್ಲಿ ಆರಂಭವಾದ ಈ ಸಭೆಗೆ ಈಗಿರುವ ಇಟ್ಟಿಗೆಯ ಕಟ್ಟಡ 1769ರಲ್ಲಿ ಸಿದ್ಧವಾಯಿತು. ಅಮೆರಿಕದ ಪ್ರಥಮ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್‌ರವರು ಇದರ ಆಡಳಿತ ಮಂಡಳಿಯ ಸದಸ್ಯರಾಗಿದ್ದರು. ಆ ಗೋಡೆಗಳನ್ನು ಕಟ್ಟಿದ ದುಡಿಮೆಯಲ್ಲಿ ಗುಲಾಮರ ಬೆವರೂ ಸೇರಿತ್ತು. ಅಲ್ಲಿನ ಈಗಿನ ಸಭೆ ಅದನ್ನು ಕೃತಜ್ಞತೆ ಮತ್ತು ಪಶ್ಚಾತ್ತಾಪದಿಂದ ಸ್ಮರಿಸುತ್ತದೆ. 1861ರಲ್ಲಿ ಆರಂಭವಾದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನ್ಯ ಈ ದೇವಾಲಯವನ್ನು ಆಸ್ಪತ್ರೆಯಾಗಿಯೂ ನಂತರ ಕುದುರೆಲಾಯವಾಗಿಯೂ ಬಳಸಿತು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಸಭೆ ಬಹುವಾಗಿ ಬೆಳೆಯಿತು. 1979ರಲ್ಲಿ ಪಾಲಕರಾಗಿ ಬಂದ ಜಾನ್ ಯೇಟ್ಸ್‌ರವರ ಕಾಲದಲ್ಲಿ ಶ್ರೀಗ್ರಂಥದ ಅಧ್ಯಯನ, ಧರ್ಮಪ್ರಚಾರ ಮತ್ತು ಸೇವಾಕಾರ್ಯಗಳಿಗೆ ಅದು ಹೆಸರಾಯಿತು. ಕೆಲವು ಮೈಲಿ ದೂರದ ಫೇರ್‌ಫ್ಯಾಕ್ಸ್‌ನಲ್ಲಿದ್ದ ಟ್ರೂರೋ ಸಭೆ ವರದಾನಗಳ ನವೀಕರಣ ಚಳವಳಿಯಿಂದ ಚೈತನ್ಯ ಪಡೆದಿತ್ತು. ಎರಡೂ ಸಭೆಗಳು ಅಮೆರಿಕದ ಆಂಗ್ಲಿಕನ್ ಶಾಖೆಯಾದ ಎಪಿಸ್ಕೋಪಲ್ ಸಭೆಯ ವರ್ಜೀನಿಯಾ ಧರ್ಮಪ್ರಾಂತ್ಯಕ್ಕೆ ಸೇರಿದ್ದವು.

ಬಿರುಕಿನ ಮೂಲ

1998ರಲ್ಲಿ ಜಗತ್ತಿನ ಆಂಗ್ಲಿಕನ್ ಧರ್ಮಾಧ್ಯಕ್ಷರು ಇಂಗ್ಲೆಂಡಿನಲ್ಲಿ ಲ್ಯಾಂಬೆತ್ ಸಮ್ಮೇಳನಕ್ಕಾಗಿ ಸೇರಿದರು. ಕರ್ನಾಟಕದಲ್ಲಿ ಮೂರು ಧರ್ಮಪ್ರಾಂತ್ಯಗಳನ್ನು ಹೊಂದಿರುವ ದಕ್ಷಿಣ ಭಾರತ ಸಭೆಯೂ ಈ ಒಕ್ಕೂಟದ ಸದಸ್ಯ ಸಭೆಯಾದ್ದರಿಂದ ಈ ಚರಿತ್ರೆ ನಮ್ಮ ನೆರೆಯ ಸಹೋದರರನ್ನೂ ಮುಟ್ಟುತ್ತದೆ. ಸಮ್ಮೇಳನ 526 ಮತಗಳಿಂದ, 70 ವಿರೋಧ ಮತಗಳ ನಡುವೆ, ಒಂದು ಗೊತ್ತುವಳಿಯನ್ನು ಅಂಗೀಕರಿಸಿತು. ವಿವಾಹವೆಂದರೆ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ಜೀವನಪರ್ಯಂತದ ಬಂಧ, ಸಲಿಂಗ ಲೈಂಗಿಕ ಆಚರಣೆ ಶ್ರೀಗ್ರಂಥಕ್ಕೆ ಹೊಂದುವುದಿಲ್ಲ ಎಂದು ಅದು ಸಾರಿತು. ಸಲಿಂಗ ಪ್ರವೃತ್ತಿಯ ವಿಶ್ವಾಸಿಗಳೂ ದೇವರಿಗೆ ಪ್ರಿಯರು, ಅವರ ಅನುಭವವನ್ನು ನಾವು ಆಲಿಸುತ್ತೇವೆ ಎಂಬ ಮಾತನ್ನೂ ಅದೇ ಗೊತ್ತುವಳಿ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಒಂದು ಪಕ್ಷ ಮೊದಲಿನ ಅರ್ಧವನ್ನು ಎತ್ತಿ ಹಿಡಿಯಿತು, ಇನ್ನೊಂದು ಪಕ್ಷ ಎರಡನೆಯ ಅರ್ಧವನ್ನು. ಎರಡನ್ನೂ ಒಟ್ಟಿಗೆ ಹಿಡಿದು ನಡೆದವರು ವಿರಳ.

2003ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ಧರ್ಮಪ್ರಾಂತ್ಯವು, ಪುರುಷ ಸಂಗಾತಿಯೊಡನೆ ಬಹಿರಂಗವಾಗಿ ಬಾಳುತ್ತಿದ್ದ ಜೀನ್ ರಾಬಿನ್ಸನ್ ಎಂಬ ಯಾಜಕರನ್ನು ಧರ್ಮಾಧ್ಯಕ್ಷರನ್ನಾಗಿ ಆರಿಸಿತು. ಆಗಸ್ಟ್‌ನಲ್ಲಿ ಎಪಿಸ್ಕೋಪಲ್ ಮಹಾಸಭೆ ಆ ಆಯ್ಕೆಯನ್ನು ದೃಢೀಕರಿಸಿತು. ನವೆಂಬರ್ 2ರಂದು ಅವರ ಅಭಿಷೇಕ ನಡೆದಾಗ, ಜೀವ ಬೆದರಿಕೆಗಳಿದ್ದುದರಿಂದ ಅವರು ಪೂಜಾವಸ್ತ್ರದ ಒಳಗೆ ಗುಂಡು ನಿರೋಧಕ ಕವಚ ತೊಟ್ಟಿದ್ದರು. ಆ ಅಭಿಷೇಕವನ್ನು ಒಪ್ಪುವುದು ನಮ್ಮಿಂದ ಸಾಧ್ಯವಿಲ್ಲ. ಆದರೂ, ಕ್ರೈಸ್ತರು ಕೂಡಿದ ಒಂದು ಆರಾಧನೆಯಲ್ಲಿ ಅಂಥ ಕವಚ ಬೇಕಾಯಿತೆಂಬ ಸಂಗತಿ ಎರಡೂ ಪಕ್ಷದವರನ್ನು ಸಮನಾಗಿ ನಾಚಿಸಬೇಕು.

ವರ್ಜೀನಿಯಾದ ಧರ್ಮಾಧ್ಯಕ್ಷ ಪೀಟರ್ ಲೀಯವರು ಮಹಾಸಭೆಯಲ್ಲಿ ರಾಬಿನ್ಸನ್‌ರ ಪರವಾಗಿ ಮತ ನೀಡಿದ್ದರು. ಫಾಲ್ಸ್ ಚರ್ಚ್ ಮತ್ತು ಟ್ರೂರೋ ಸಭೆಗಳಿಗೆ ಅದು ತಮ್ಮ ಕುರುಬನೇ ದಾರಿ ಬಿಟ್ಟಂತೆ ಕಂಡಿತು. ತಮ್ಮ ಜಗಳ ಲೈಂಗಿಕತೆಯ ಮೇಲಲ್ಲ, ಶ್ರೀಗ್ರಂಥದ ಅಧಿಕಾರದ ಮೇಲೆ ಎಂದು ಅವರು ಪದೇ ಪದೇ ಹೇಳಿದರು. ಆ ಮಾತಿನಲ್ಲಿ ಸತ್ಯಾಂಶವಿತ್ತು. ದೇವರ ಮನೆಯಲ್ಲಿ ಎಲ್ಲರಿಗೂ ಸ್ಥಳವಿರಬೇಕೆಂಬುದೇ ತಮ್ಮ ನಿಲುವೆಂದು ಧರ್ಮಪ್ರಾಂತ್ಯದವರು ಹೇಳಿದರು. ಆ ಮಾತಿನಲ್ಲೂ ಸತ್ಯಾಂಶವಿತ್ತು. ಆದರೆ ಯಾರ ಬಗ್ಗೆ ಇಷ್ಟೆಲ್ಲಾ ವಾದ ನಡೆಯುತ್ತಿತ್ತೋ ಅವರು ಎರಡೂ ಕಡೆಯ ಪೀಠಗಳಲ್ಲಿ ಮೌನವಾಗಿ ಕುಳಿತಿದ್ದರು. ಅವರ ತಂದೆತಾಯಿಗಳೂ ಅಲ್ಲೇ ಇದ್ದರು.

ಹರ್ಷದ ಭಾನುವಾರದ ಮತದಾನ

2006ರ ಶರತ್ಕಾಲದಲ್ಲಿ ಎರಡೂ ಸಭೆಗಳು ನಲವತ್ತು ದಿನಗಳ ಪ್ರಾರ್ಥನೆ ಮತ್ತು ವಿವೇಚನೆಯನ್ನು ಆಚರಿಸಿದವು. ನಂತರ ಮತದಾನ ನಡೆಯಿತು. ಡಿಸೆಂಬರ್ 17ರಂದು ಫಲಿತಾಂಶ ಪ್ರಕಟವಾಯಿತು. ಅದು ಆಗಮನ ಕಾಲದ ಮೂರನೆಯ ಭಾನುವಾರ. ನಮ್ಮ ಪೂಜಾವಿಧಿಯಲ್ಲಿ ಹರ್ಷದ ಭಾನುವಾರ. ಫಾಲ್ಸ್ ಚರ್ಚ್‌ನಲ್ಲಿ ಮತ ಹಾಕಿದವರ ಪೈಕಿ ಶೇಕಡಾ 90 ಮಂದಿ, ಟ್ರೂರೋದಲ್ಲಿ ಶೇಕಡಾ 92 ಮಂದಿ ಎಪಿಸ್ಕೋಪಲ್ ಸಭೆಯನ್ನು ತೊರೆಯಲು ಒಪ್ಪಿದರು. ಕಟ್ಟಡ ಮತ್ತು ಆಸ್ತಿಯನ್ನು ಉಳಿಸಿಕೊಳ್ಳಲೂ ನಿರ್ಧರಿಸಿದರು. ಅವರು ಸೇರಿಕೊಂಡದ್ದು ನೈಜೀರಿಯದ ಮಹಾಧರ್ಮಾಧ್ಯಕ್ಷ ಪೀಟರ್ ಅಕಿನೋಲಾರವರು ಉತ್ತರ ಅಮೆರಿಕಕ್ಕಾಗಿ ರಚಿಸಿದ್ದ ಒಕ್ಕೂಟಕ್ಕೆ. ಟ್ರೂರೋದ ಪಾಲಕರಾಗಿದ್ದ ಮಾರ್ಟಿನ್ ಮಿನ್ಸ್‌ರವರೇ ಅದೇ ವರ್ಷ ಅದರ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾಗಿದ್ದರು. ಹಿಂದೊಮ್ಮೆ ಆಫ್ರಿಕಕ್ಕೆ ಧರ್ಮಪ್ರಚಾರಕರನ್ನು ಕಳುಹಿಸಿದ ಲೋಕ ಈಗ ಆಫ್ರಿಕದ ಆಶ್ರಯ ಕೇಳಿದುದು ನಮ್ಮ ಕಾಲದ ಧರ್ಮಸಭೆಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ತೊಂಬತ್ತು ಮಂದಿಯ ನಿರ್ಧಾರ ಸ್ಪಷ್ಟವಾಗಿತ್ತು. ಉಳಿದ ಹತ್ತು ಮಂದಿ ಯಾರು? ಅವರಲ್ಲಿ ಅಲ್ಲೇ ದೀಕ್ಷಾಸ್ನಾನ ಪಡೆದವರಿದ್ದರು, ಅಲ್ಲೇ ಮದುವೆಯಾದವರಿದ್ದರು. ಫಾಲ್ಸ್ ಚರ್ಚ್‌ನ ಈ ಅಲ್ಪಸಂಖ್ಯಾತರ ಒಂದು ಪುಟ್ಟ ಗುಂಪು ರಸ್ತೆಯ ಆಚೆ ಬದಿಯಲ್ಲಿದ್ದ ಪ್ರೆಸ್ಬಿಟೇರಿಯನ್ ದೇವಾಲಯದವರ ಔದಾರ್ಯದಿಂದ ಅಲ್ಲಿ ಸೇರತೊಡಗಿತು. ಐದು ವರ್ಷಗಳಿಗೂ ಹೆಚ್ಚು ಕಾಲ ಒಂದೇ ಪ್ರಾರ್ಥನಾ ಪರಂಪರೆಯ ಎರಡು ಸಭೆಗಳು ಭಾನುವಾರಗಳಂದು ಒಂದೇ ರಸ್ತೆಯ ಎರಡು ಬದಿಗಳಲ್ಲಿ ಪ್ರಭುವಿನ ಮೇಜಿನ ಸುತ್ತ ಕೂಡಿದವು.

ಗುಲಾಮಗಿರಿಯ ನೆರಳಿನ ಕಾಯಿದೆ

ಬೇರ್ಪಟ್ಟ ಸಭೆಗಳು ಆಸ್ತಿಯ ಹಕ್ಕಿಗಾಗಿ ವರ್ಜೀನಿಯಾದ 1867ರ ಕಾಯಿದೆಯೊಂದನ್ನು ಆಧಾರವಾಗಿ ಹಿಡಿದವು. ಈ ಕಾಯಿದೆಯ ಹುಟ್ಟಿನ ಕಥೆಯನ್ನು ತಿಳಿಯದೆ ಈ ವ್ಯಾಜ್ಯ ಅರ್ಥವಾಗದು. 1844ರಲ್ಲಿ ಅಮೆರಿಕದ ಮೆಥೊಡಿಸ್ಟ್ ಸಭೆಯಲ್ಲಿ, ವಿವಾಹದ ಮೂಲಕ ಗುಲಾಮರ ಒಡೆಯರಾಗಿದ್ದ ಜೇಮ್ಸ್ ಆಂಡ್ರ್ಯೂ ಎಂಬ ಧರ್ಮಾಧ್ಯಕ್ಷರ ವಿಷಯದಲ್ಲಿ ವಿವಾದವೆದ್ದು, ಸಭೆ ಉತ್ತರ ಮತ್ತು ದಕ್ಷಿಣ ಎಂದು ಇಬ್ಭಾಗವಾಯಿತು. ವರ್ಜೀನಿಯಾ ಆ ಗಡಿಯ ಮೇಲಿತ್ತು. ಊರೂರಿನಲ್ಲೂ ದೇವಾಲಯ ಯಾವ ಪಕ್ಷಕ್ಕೆ ಸೇರಬೇಕೆಂಬ ಕಲಹವಿತ್ತು. ಅಂತರ್ಯುದ್ಧ ಮುಗಿದ ಮೇಲೆ ಶಾಸನಸಭೆ ಒಂದು ಪರಿಹಾರ ಹುಡುಕಿತು. ಒಂದು ಸಭೆಯಲ್ಲಿ ವಿಭಜನೆ ಉಂಟಾದಾಗ ಸ್ಥಳೀಯ ಸಭೆಯ ಬಹುಮತ ಯಾವ ಶಾಖೆಯನ್ನು ಆರಿಸುತ್ತದೆಯೋ ಆಸ್ತಿ ಆ ಶಾಖೆಗೆ ಸೇರುತ್ತದೆ ಎಂದು ವಿಧಿಸಿತು.

ಹೀಗೆ ಮನುಷ್ಯನನ್ನು ಮನುಷ್ಯ ಕೊಳ್ಳಬಹುದೇ ಎಂಬ ಪ್ರಶ್ನೆ ಒಡೆದ ಸಭೆಗಳಿಗಾಗಿ ಬರೆದ ಕಾಯಿದೆ, ನೂರ ನಲವತ್ತು ವರ್ಷಗಳ ನಂತರ ಬೇರೊಂದು ಪ್ರಶ್ನೆಯಿಂದ ಒಡೆದ ಸಭೆಗಳ ಮುಂದೆ ತೆರೆಯಿತು. ಎಪಿಸ್ಕೋಪಲ್ ಸಭೆ ತನ್ನ 1979ರ ನಿಯಮವನ್ನು ಮುಂದಿಟ್ಟಿತು. ಪ್ರತಿಯೊಂದು ಧರ್ಮಕೇಂದ್ರದ ಆಸ್ತಿಯೂ ಧರ್ಮಪ್ರಾಂತ್ಯ ಮತ್ತು ಇಡೀ ಸಭೆಯ ಪರವಾಗಿ ನ್ಯಾಸವಾಗಿ ಇರುತ್ತದೆ ಎಂಬುದು ಅದರ ಸಾರ. 2007ರಲ್ಲಿ ಫೇರ್‌ಫ್ಯಾಕ್ಸ್ ನ್ಯಾಯಾಲಯದಲ್ಲಿ ನ್ಯಾಯಾಧೀಶ ರ‍್ಯಾಂಡಿ ಬೆಲ್ಲೋಸ್‌ರವರ ಮುಂದೆ ಧರ್ಮಸಭೆಯ ಇತಿಹಾಸಕಾರರು ಸಾಕ್ಷಿ ಹೇಳಿದರು. ‘ವಿಭಜನೆ’ ಎಂದರೇನು, ‘ಶಾಖೆ’ ಎಂದರೇನು, ಜಾಗತಿಕ ಆಂಗ್ಲಿಕನ್ ಒಕ್ಕೂಟವನ್ನು ‘ಸಭೆ’ ಎನ್ನಬಹುದೇ ಎಂಬ ಪ್ರಶ್ನೆಗಳು ಅಲ್ಲಿ ಚರ್ಚೆಯಾದವು. ಗುರುಮಠಗಳಲ್ಲಿ ನಾವು ಧರ್ಮಸಭೆಯ ಕುರಿತ ದೈವಶಾಸ್ತ್ರದ ಪಾಠವಾಗಿ ಓದುವ ವಿಷಯವನ್ನು ಲೌಕಿಕ ನ್ಯಾಯಾಧೀಶರು ತೀರ್ಮಾನಿಸಬೇಕಾಯಿತು.

2008ರಲ್ಲಿ ತೀರ್ಪು ಬೇರ್ಪಟ್ಟ ಸಭೆಗಳ ಪರವಾಗಿ ಬಂತು. 2010ರ ಜೂನ್‌ನಲ್ಲಿ ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ವಿಭಜನೆ ಆಗಿರುವುದು ನಿಜ, ಆದರೆ ಈ ಸಭೆಗಳು ಸೇರಿಕೊಂಡ ಒಕ್ಕೂಟ ಅವರು ತೊರೆದ ಎಪಿಸ್ಕೋಪಲ್ ಸಭೆಯ ಶಾಖೆಯಲ್ಲ, ಆದ್ದರಿಂದ ಆ ಕಾಯಿದೆ ಇಲ್ಲಿ ಅನ್ವಯಿಸದು ಎಂದಿತು. ಮರುವಿಚಾರಣೆಯ ನಂತರ 2012ರ ಜನವರಿಯಲ್ಲಿ ಅದೇ ನ್ಯಾಯಾಧೀಶರು ನೂರಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ ಏಳು ಸಭೆಗಳ ಆಸ್ತಿಯನ್ನು ಧರ್ಮಪ್ರಾಂತ್ಯಕ್ಕೆ ಒಪ್ಪಿಸಿದರು. ಫಾಲ್ಸ್ ಚರ್ಚ್ ಸಭೆ ಮೇಲ್ಮನವಿ ಹೋಯಿತು. 2013ರ ಏಪ್ರಿಲ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 2014ರ ಮಾರ್ಚ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು.

2012ರಲ್ಲೇ ಸಾವಿರಾರು ಸದಸ್ಯರಿದ್ದ ಸಭೆ ಬೀಗದ ಕೈ ಒಪ್ಪಿಸಿ ಹೊರಟಿತು; ರಸ್ತೆಯಾಚೆಯ ಪುಟ್ಟ ಗುಂಪು ಆ ವಿಶಾಲ ದೇವಾಲಯಕ್ಕೆ ಮರಳಿತು. ಹೊರಟವರು ಹಲವು ಕಡೆ ಆರಾಧನೆ ನಡೆಸಿದರು; ಆರ್ಲಿಂಗ್ಟನ್ನಿನ ಒಂದು ಕಥೋಲಿಕ ಪ್ರೌಢಶಾಲೆಯ ಸಭಾಂಗಣವೂ ಅವರಿಗೆ ಆಶ್ರಯ ನೀಡಿತು. 2019ರಲ್ಲಿ ಅವರ ಹೊಸ ದೇವಾಲಯ ತೆರೆಯಿತು. ಇಂದು ಎರಡೂ ಸಭೆಗಳು ಜೀವಂತವಾಗಿವೆ, ಎರಡೂ ಸೇವೆ ಮಾಡುತ್ತಿವೆ. ಎರಡೂ ಕಡೆಯವರು ಬಡವರಿಗಾಗಿ ಬಳಸಬಹುದಾಗಿದ್ದ ಅಪಾರ ಹಣ ವಕೀಲರ ಪಾಲಾಯಿತು.

ಟ್ರೂರೋ ಹಿಡಿದ ದಾರಿ

ಟ್ರೂರೋ ಸಭೆಯೂ ಅದೇ ಮೊಕದ್ದಮೆಯಲ್ಲಿ ಸೋತಿತ್ತು. ಆದರೆ ಅದರ ಹೊಸ ಪಾಲಕರಾಗಿದ್ದ ಟೋರಿ ಬೌಕಮ್‌ರವರು, ಪೀಟರ್ ಲೀಯವರ ನಂತರ ಧರ್ಮಾಧ್ಯಕ್ಷರಾದ ಶಾನನ್ ಜಾನ್‌ಸ್ಟನ್‌ರವರನ್ನು ಭೇಟಿಯಾಗತೊಡಗಿದ್ದರು. ಸಿದ್ಧಾಂತದಲ್ಲಿ ಇಬ್ಬರೂ ಒಂದಿಂಚೂ ಹತ್ತಿರ ಬರಲಿಲ್ಲ. ನ್ಯಾಯಾಲಯದಲ್ಲಿ ಎದುರಾಳಿಗಳಾಗಿದ್ದ ಆ ಇಬ್ಬರು ಒಟ್ಟಿಗೆ ಪ್ರಾರ್ಥಿಸಿದರು, ಸ್ನೇಹಿತರಾದರು. 2012ರ ಏಪ್ರಿಲ್‌ನಲ್ಲಿ ಒಂದು ಒಪ್ಪಂದವಾಯಿತು. ಟ್ರೂರೋ ಮೇಲ್ಮನವಿಯನ್ನು ಕೈಬಿಟ್ಟಿತು. ಆಸ್ತಿಯ ಹಕ್ಕು ಧರ್ಮಪ್ರಾಂತ್ಯದ್ದೇ ಆದರೂ ಸಭೆ ಅದೇ ದೇವಾಲಯದಲ್ಲಿ ಆರಾಧನೆ ಮುಂದುವರಿಸಲು ಧರ್ಮಾಧ್ಯಕ್ಷರು ಒಪ್ಪಿದರು. ಆ ಅವಧಿ ಮುಂದೆ ವಿಸ್ತರಣೆಯಾಯಿತು. 2017ರಲ್ಲಿ ಟ್ರೂರೋ ಸಭೆಯೂ ಅದನ್ನು ನ್ಯಾಯಾಲಯಕ್ಕೆ ಎಳೆದಿದ್ದ ಧರ್ಮಪ್ರಾಂತ್ಯವೂ ಕೂಡಿ ಶಾಂತಿ ಮತ್ತು ಸಂಧಾನದ ತರಬೇತಿಗಾಗಿ ಒಂದು ಸಂಸ್ಥೆಯ ಯೋಜನೆಗೆ ಕೈಹಾಕಿದವು.

ಈ ಸ್ನೇಹ ಸುಲಭವಾಗಿರಲಿಲ್ಲ. ಆಗ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಜಸ್ಟಿನ್ ವೆಲ್ಬಿಯವರು ಇದನ್ನು ಸಂಧಾನದ ಉದಾಹರಣೆಯೆಂದು ಮೆಚ್ಚಿದರು. ಆದರೆ ಬೌಕಮ್‌ರವರ ಸ್ವಂತ ಪಕ್ಷದಲ್ಲೇ ಅನೇಕರು ಇದನ್ನು ರಾಜಿಯೆಂದು ಟೀಕಿಸಿದರು. ಟೀಕಿಸಿದವರ ಆತಂಕವನ್ನು ನಾವು ಹಗುರವಾಗಿ ಕಾಣಬಾರದು. ಸ್ನೇಹದ ಹೆಸರಿನಲ್ಲಿ ಸತ್ಯ ಕರಗಿಹೋದ ಉದಾಹರಣೆಗಳು ಚರಿತ್ರೆಯಲ್ಲಿವೆ. ಟ್ರೂರೋದಲ್ಲಿ ಹಾಗಾಗಲಿಲ್ಲವೆಂಬುದು ಮುಖ್ಯ. ಸಭೆ ತನ್ನ ವಿಶ್ವಾಸವನ್ನು ಬದಲಿಸಲಿಲ್ಲ, ಎಪಿಸ್ಕೋಪಲ್ ಸಭೆಗೆ ಮರಳಲೂ ಇಲ್ಲ. ಅದು ಬಿಟ್ಟುಕೊಟ್ಟದ್ದು ಆಸ್ತಿಯ ಹಕ್ಕನ್ನು ಮಾತ್ರ.

ಕಾರ್ಥೇಜಿನ ಪಾಠ

ಇಂತಹ ಔದಾರ್ಯ ಧರ್ಮಸಭೆಯ ಚರಿತ್ರೆಗೆ ಹೊಸದಲ್ಲ. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದಲ್ಲಿ, ಹಿಂಸೆಯ ಕಾಲದಲ್ಲಿ ಎಡವಿದ ಯಾಜಕರ ಪಾವಿತ್ರ್ಯದ ಪ್ರಶ್ನೆಯಿಂದ ಸಭೆ ಒಡೆದು, ದೊನಾತಿಸ್ಟರು ಪ್ರತ್ಯೇಕವಾದರು. ಊರಿಗೊಬ್ಬರಂತೆ ಇರಬೇಕಾದ ಧರ್ಮಾಧ್ಯಕ್ಷರು ಎಷ್ಟೋ ಊರುಗಳಲ್ಲಿ ಇಬ್ಬರಿಬ್ಬರಾದರು. 411ರಲ್ಲಿ ಕಾರ್ಥೇಜಿನಲ್ಲಿ ಇತ್ತಂಡಗಳ ಧರ್ಮಾಧ್ಯಕ್ಷರು ಚರ್ಚೆಗಾಗಿ ಸೇರುವ ಮುನ್ನ, ಸಂತ ಅಗಸ್ಟೀನರೂ ಅವರ ಸಹೋದರ ಧರ್ಮಾಧ್ಯಕ್ಷರೂ ಒಂದು ಪ್ರಸ್ತಾಪ ಮುಂದಿಟ್ಟರು. ಐಕ್ಯವಾಗುವುದಾದರೆ ದೊನಾತಿಸ್ಟ್ ಧರ್ಮಾಧ್ಯಕ್ಷರೊಡನೆ ಪೀಠವನ್ನು ಹಂಚಿಕೊಳ್ಳಲು, ಜನರು ಒಪ್ಪದಿದ್ದರೆ ಪೀಠವನ್ನೇ ತ್ಯಜಿಸಲು ತಾವು ಸಿದ್ಧರೆಂದರು.

ಚರ್ಚೆಯ ತೀರ್ಪು ಕಥೋಲಿಕರ ಪರವಾಗಿ ಬಂತು. 412ರಲ್ಲಿ ಚಕ್ರವರ್ತಿಯ ಆಜ್ಞೆ ದೊನಾತಿಸ್ಟರ ದೇವಾಲಯಗಳನ್ನು ವಶಪಡಿಸಿ ಕಥೋಲಿಕರಿಗೆ ಕೊಟ್ಟಿತು. ಕಟ್ಟಡಗಳು ಬಂದರೂ ಬಿರುಕು ಅಷ್ಟಕ್ಕೆ ಮುಚ್ಚಿಹೋಗಲಿಲ್ಲ. ಪೀಠ ತ್ಯಜಿಸಲು ಸಿದ್ಧರಾದ ಧರ್ಮಾಧ್ಯಕ್ಷರನ್ನು ಇಂದು ನಾವು ಗೌರವದಿಂದ ನೆನೆಯುತ್ತೇವೆ. ಚಕ್ರವರ್ತಿಯ ಆಜ್ಞೆಯನ್ನು ಹಾಗೆ ನೆನೆಯಲಾರೆವು.

ನಮ್ಮ ಮುಂದಿರುವ ಪ್ರಶ್ನೆ

ಇದು ಅನ್ಯರ ಮನೆಯ ಜಗಳವೆಂದು ನಾವು ದಡದಲ್ಲಿ ನಿಂತು ನೋಡುವಂತಿಲ್ಲ. 2023ರ ಡಿಸೆಂಬರ್ 18ರಂದು, ಸಲಿಂಗ ಜೋಡಿಗಳೂ ಸೇರಿದಂತೆ ಕ್ರಮಬದ್ಧವಲ್ಲದ ಸ್ಥಿತಿಯಲ್ಲಿರುವವರಿಗೆ, ಪೂಜಾವಿಧಿಯ ಹೊರಗೆ ಯಾಜಕರು ಸರಳ ಆಶೀರ್ವಾದ ನೀಡಬಹುದೆಂಬ ಘೋಷಣೆ ಪೋಪ್ ಫ್ರಾನ್ಸಿಸ್‌ರವರ ಅನುಮೋದನೆಯೊಡನೆ ರೋಮಿನಿಂದ ಹೊರಟಿತು. ವಿವಾಹದ ಬೋಧನೆ ಬದಲಾಗಿಲ್ಲವೆಂದು ಅದೇ ಘೋಷಣೆ ಸ್ಪಷ್ಟಪಡಿಸಿತ್ತು. 2024ರ ಜನವರಿಯಲ್ಲಿ ಆಫ್ರಿಕದ ಧರ್ಮಾಧ್ಯಕ್ಷರು ತಮ್ಮ ನಾಡಿನಲ್ಲಿ ಅಂತಹ ಆಶೀರ್ವಾದ ಸೂಕ್ತವಲ್ಲವೆಂದು ತಿಳಿಸಿದರು. ಹಾಗೆ ಹೇಳುವಾಗಲೇ ಪೋಪರೊಡನೆ ತಮ್ಮ ಐಕ್ಯವನ್ನು ದೃಢಪಡಿಸಿದರು. ಭಿನ್ನಾಭಿಪ್ರಾಯವನ್ನು ಐಕ್ಯದ ಒಳಗೇ ಹೇಳಲು ಸಾಧ್ಯವೆಂಬುದಕ್ಕೆ ಇದೊಂದು ನಿದರ್ಶನ.

ಧರ್ಮಸಭೆಯ ಬೋಧನೆಯಲ್ಲಿ ಸಂದಿಗ್ಧವಿಲ್ಲ. ವಿವಾಹ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ನಡುವಿನ ಒಡಂಬಡಿಕೆ. ಸಲಿಂಗ ಪ್ರವೃತ್ತಿಯುಳ್ಳವರನ್ನು ಗೌರವ, ಅನುಕಂಪ ಮತ್ತು ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅವರ ವಿಷಯದಲ್ಲಿ ಅನ್ಯಾಯದ ತಾರತಮ್ಯ ಕೂಡದು ಎಂಬುದೂ ಅದೇ ಕಥೋಲಿಕ ಧರ್ಮೋಪದೇಶದ ಮಾತು. ಭಾರತದಲ್ಲಿ 2013ರಲ್ಲಿ 377ನೆಯ ವಿಧಿಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ಆಗಿನ ಮುಂಬಯಿಯ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್‌ರವರು, ಸಲಿಂಗ ವಿವಾಹವನ್ನು ಒಪ್ಪದಿದ್ದರೂ, ಇವರನ್ನು ಧರ್ಮಸಭೆ ಎಂದೂ ಅಪರಾಧಿಗಳೆಂದು ಪರಿಗಣಿಸಿಲ್ಲವೆಂದು ತಿಳಿಸಿದರು. 2018ರಲ್ಲಿ ನ್ಯಾಯಾಲಯವೇ ಆ ವಿಧಿಯ ಕಠೋರತೆಯನ್ನು ತೆಗೆದುಹಾಕಿತು. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಈ ವಿಷಯ ಬಂದಾಗ ಕೇಳಿಬರುವುದು ಹೆಚ್ಚಾಗಿ ಪಿಸುಮಾತು ಮತ್ತು ನಗೆ. ಹೀಗೆ ಪಿಸುಗುಟ್ಟಿದ ಸಭೆಯಲ್ಲಿ ಯಾವ ತಾಯಿಯೂ ತನ್ನ ಮಗನ ಸಂಕಟವನ್ನು ಗುರುಗಳ ಬಳಿ ಹೇಳಿಕೊಳ್ಳಲು ಬರುವುದಿಲ್ಲ. ಮತದಾನ, ವ್ಯಾಜ್ಯಗಳಿಲ್ಲದೆಯೇ ಅಲ್ಲಿ ವಿಭಜನೆ ಆಗಿಹೋಗಿರುತ್ತದೆ.

ವರ್ಜೀನಿಯಾದ ಕಥೆಯಿಂದ ನಾವು ಕಲಿಯಬೇಕಾದುದು ಇದು: ಸತ್ಯವನ್ನು ಬಹುಮತದಿಂದ ಬದಲಿಸಲಾಗದು, ಸತ್ಯವನ್ನು ಹಿಡಿದಿದ್ದೇವೆಂಬ ಕಾರಣಕ್ಕೆ ಸಹೋದರನನ್ನು ಕಳೆದುಕೊಳ್ಳುವ ಹಕ್ಕೂ ನಮಗಿಲ್ಲ. ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಎರಡನೆಯ ಅಧ್ಯಾಯದಲ್ಲಿ, ಶಿಕ್ಷೆಗೊಳಗಾದ ಒಬ್ಬ ಸದಸ್ಯನನ್ನು ಕ್ಷಮಿಸಿ ಸಂತೈಸುವಂತೆ, ಅತಿಯಾದ ದುಃಖ ಅವನನ್ನು ನುಂಗಿಬಿಡದಂತೆ ನೋಡಿಕೊಳ್ಳುವಂತೆ ಪೌಲರು ಕೇಳಿಕೊಳ್ಳುತ್ತಾರೆ. ಅವನು ಮೊದಲನೆಯ ಪತ್ರದ ವ್ಯಕ್ತಿಯೇ ಎಂದು ಪ್ರಾಚೀನ ವ್ಯಾಖ್ಯಾನಕಾರರು ಹಲವರು ನಂಬಿದರು. ಇಂದಿನ ವಿದ್ವಾಂಸರಲ್ಲಿ ಅನೇಕರು ಒಪ್ಪುವುದಿಲ್ಲ. ಯಾರೇ ಆಗಿರಲಿ, ಕಠೋರವಾಗಿ ಬರೆದ ಕೈಯೇ ಈ ಸಾಂತ್ವನವನ್ನೂ ಬರೆಯಿತು.

ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯಕ್ಕಾಗಿ ನಾವು ಪ್ರಾರ್ಥಿಸುತ್ತೇವೆ. ಆ ವಾರದಲ್ಲಿ ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಈ ಮೂರು ಅಧ್ಯಾಯಗಳನ್ನು ಒಟ್ಟಿಗೆ ಕುಳಿತು ಓದಲಿ. ಓದಿದ ಮೇಲೆ, ನಮ್ಮಲ್ಲಿ ಯಾರು ಭಾನುವಾರದ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ್ದಾರೆ, ಏಕೆ ನಿಲ್ಲಿಸಿದ್ದಾರೆ ಎಂದು ವಿಚಾರಿಸಿ, ಅವರ ಮನೆಯ ಬಾಗಿಲಿಗೆ ಹೋಗಿ ಬರಲಿ.